ಗಡಿಯ ಕೋಟೆ, ಒಡೆದ ಮನೆ



ಸ್ವಾತಂತ್ರ್ಯ ಸಂಗ್ರಾಮ ಎಂದೊಡನೆ ನಮ್ಮ ಕಣ್ಣ ಮುಂದೆ ಎರಡೇ ಪಕ್ಷಗಳು ಬಂದು ನಿಲ್ಲುತ್ತವೆ. ಆಳುವವರು ಒಂದು ಕಡೆ, ಬಿಡುಗಡೆ ಬಯಸುವವರು ಇನ್ನೊಂದು ಕಡೆ. ನಡುವೆ ಉಳಿದವರೇನಾದರೂ ಇದ್ದರೆ ಅವರು ಹೇಡಿಗಳೋ ದ್ರೋಹಿಗಳೋ ಆಗಿದ್ದಿರಬೇಕೆಂದು ಶಾಲೆಯ ಪಾಠಗಳು ನಮ್ಮನ್ನು ನಂಬಿಸಿರುತ್ತವೆ. ರಾಜಧಾನಿಯಲ್ಲಿ ಕುಳಿತು ಬರೆದ ಇತಿಹಾಸಗಳಲ್ಲಿ ಈ ಚಿತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಗಡಿನಾಡಿಗೆ ಹೋಗಿ ನಿಂತು ನೋಡಿದಾಗ ಮಾತ್ರ ಅದರ ಗೆರೆಗಳು ಕಲಸಿಹೋಗುತ್ತವೆ. ಅಲ್ಲಿ ಯುದ್ಧ ಬೇಲಿಯ ಈಚೆಗೂ ಆಚೆಗೂ ನಡೆಯುತ್ತದೆ. ಕೆಲವೊಮ್ಮೆ ಒಂದೇ ಒಲೆಯ ಸುತ್ತ ಕುಳಿತವರ ನಡುವೆಯೂ ನಡೆಯುತ್ತದೆ. ಈ ಮಾತಿಗೆ ನಿದರ್ಶನವಾಗಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದ ಒಂದು ಗಡಿಕೋಟೆಯ ಕಥೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಆ ಕೋಟೆಯ ಹೆಸರು ಸ್ಟ್ಯಾನ್‌ವಿಕ್ಸ್.

ಮೊದಲು ಸ್ಥಳದ ಪರಿಚಯ. ನ್ಯೂಯಾರ್ಕ್ ಸಂಸ್ಥಾನದ ನಡುಭಾಗದಲ್ಲಿ, ಈಗಿನ ರೋಮ್ ಎಂಬ ಪಟ್ಟಣವಿರುವಲ್ಲಿ, ಎರಡು ನೀರಿನ ದಾರಿಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದು ಮುಟ್ಟದೆ ಬೇರೆಯಾಗುತ್ತವೆ. ಮೊಹಾಕ್ ನದಿ ಪೂರ್ವಕ್ಕೆ ಹರಿದು ಹಡ್ಸನ್ನನ್ನು ಸೇರಿ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ವುಡ್ ಕ್ರೀಕ್ ಎಂಬ ಹಳ್ಳ ಪಶ್ಚಿಮಕ್ಕೆ ಹರಿದು ಒನೈಡ ಸರೋವರದ ಮೂಲಕ ಆಂಟೇರಿಯೊ ಮಹಾಸರೋವರವನ್ನು ಸೇರುತ್ತದೆ. ಎರಡರ ನಡುವೆ ಉಳಿಯುವುದು ಕೆಲವೇ ಮೈಲಿಗಳ ಒಣನೆಲ. ಸಾಗರದಿಂದ ಖಂಡದ ಒಡಲಿಗೆ ದೋಣಿಯಲ್ಲಿ ಹೋಗುವವನು ಇಲ್ಲಿ ಮಾತ್ರ ಇಳಿದು, ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯಬೇಕು. ಆದ್ದರಿಂದಲೇ ಈ ಜಾಗಕ್ಕೆ ಒನೈಡರ ಹೊರೆದಾರಿ ಎಂದು ಹೆಸರಾಯಿತು. ಈ ದಾರಿಯನ್ನು ಹಿಡಿದವನು ತುಪ್ಪಳದ ವ್ಯಾಪಾರವನ್ನು ಹಿಡಿದಂತೆ, ಸೈನ್ಯದ ಸಾಗಾಟವನ್ನು ಹಿಡಿದಂತೆ. ಫ್ರೆಂಚರೊಡನೆ ಯುದ್ಧ ನಡೆಯುತ್ತಿದ್ದ ೧೭೫೮ರಲ್ಲಿ ಬ್ರಿಟಿಷರು ಇಲ್ಲಿ ಮರದ ದಿಮ್ಮಿಗಳಿಂದಲೂ ಮಣ್ಣಿನಿಂದಲೂ ನಾಲ್ಕು ಕೊತ್ತಳಗಳ ಕೋಟೆಯೊಂದನ್ನು ಕಟ್ಟಿ, ಕಟ್ಟಿಸಿದ ಸೇನಾನಿಯ ಹೆಸರನ್ನೇ ಅದಕ್ಕೆ ಇಟ್ಟರು.

ಆದರೆ ಆ ನೆಲ ಬ್ರಿಟಿಷರದಲ್ಲ. ಅದು ಒಂದು ದೊಡ್ಡ ಮನೆಯ ಅಂಗಳ. ಮೊಹಾಕ್, ಒನೈಡ, ಒನೊಂಡಾಗ, ಕಯೂಗ, ಸೆನೆಕ ಎಂಬ ಐದು ಜನಾಂಗಗಳು, ಆಮೇಲೆ ದಕ್ಷಿಣದಿಂದ ಬಂದು ಸೇರಿದ ಟಸ್ಕರೋರರು, ಹೀಗೆ ಆರು ಜನಾಂಗಗಳ ಒಕ್ಕೂಟವನ್ನು ಹೊರಗಿನವರು ಇರೊಕ್ವಾಯ್ ಎಂದು ಕರೆದರು. ಅವರು ತಮ್ಮನ್ನು ಹೋಡೆನೊಶೋನಿ ಎಂದು ಕರೆದುಕೊಂಡರು. ಎಂದರೆ ಉದ್ದಮನೆಯ ಜನ. ಹಲವು ಕುಟುಂಬಗಳು ಒಂದೇ ಮಾಡಿನ ಕೆಳಗೆ ಸಾಲಾಗಿ ಒಲೆಗಳನ್ನು ಹೂಡಿ ಬಾಳುವ ಉದ್ದನೆಯ ಮನೆ ಅವರದು. ತಮ್ಮ ಇಡೀ ನಾಡನ್ನೂ ಅವರು ಅಂಥದೇ ಒಂದು ಮನೆಯೆಂದು ಕಲ್ಪಿಸಿಕೊಂಡಿದ್ದರು. ಮೊಹಾಕರು ಆ ಮನೆಯ ಪೂರ್ವದ ಬಾಗಿಲು ಕಾಯುವವರು. ಸೆನೆಕರು ಪಶ್ಚಿಮದ ಬಾಗಿಲು ಕಾಯುವವರು. ನಡುವೆ ಇರುವ ಒನೊಂಡಾಗರು ಸಭೆಯ ಬೆಂಕಿಯನ್ನು ಆರದಂತೆ ನೋಡಿಕೊಳ್ಳುವವರು. ಯೂರೋಪಿಯನ್ನರು ಬರುವ ಮೊದಲೇ ಈ ಒಕ್ಕೂಟ ಏರ್ಪಟ್ಟಿತ್ತು. ಅದರ ಮೂಲಸೂತ್ರ ಒಂದೇ: ಉದ್ದಮನೆಯವರು ಉದ್ದಮನೆಯವರ ರಕ್ತವನ್ನು ಹರಿಸಬಾರದು.

ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಂತೆ ಅಲ್ಲಿಯೂ ಕುಲ ತಾಯಿಯಿಂದ ಬರುತ್ತದೆ. ಜನಾಂಗದ ಮುಖ್ಯಸ್ಥನನ್ನು ಆರಿಸುವವರೂ, ತಪ್ಪಿದರೆ ಇಳಿಸುವವರೂ ಕುಲದ ಹಿರಿಯ ಹೆಂಗಸರೇ. ಇನ್ನೊಂದು ಮುಖ್ಯ ಸಂಗತಿಯನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕುಲಗಳು ಜನಾಂಗದ ಎಲ್ಲೆಯನ್ನು ದಾಟಿ ಹಬ್ಬಿದ್ದವು. ಮೊಹಾಕರಲ್ಲಿ ತೋಳ, ಕರಡಿ, ಆಮೆ ಎಂಬ ಮೂರು ಕುಲಗಳು. ಒನೈಡರಲ್ಲಿಯೂ ಅವೇ ಮೂರು. ತೋಳದ ಕುಲದ ಮೊಹಾಕನಿಗೆ ತೋಳದ ಕುಲದ ಒನೈಡ ಒಡಹುಟ್ಟಿದವನಿಗೆ ಸಮಾನ. ಅವರ ನಡುವೆ ಮದುವೆ ಕೂಡದು. ಕೊಲೆಯಂತೂ ಊಹೆಗೂ ನಿಲುಕದ ಮಾತು.

ಈ ಮನೆಯ ಪೂರ್ವದ ಬಾಗಿಲಲ್ಲಿ, ಮೊಹಾಕ್ ಕಣಿವೆಯಲ್ಲಿ, ಹದಿನೆಂಟನೆಯ ಶತಮಾನದ ಮೊದಲ ಭಾಗದಿಂದ ಬೇರೆ ಜನರೂ ಬಂದು ನೆಲೆಸಿದರು. ಯುದ್ಧಕ್ಕೂ ಬರಕ್ಕೂ ಹೆದರಿ ಜರ್ಮನಿಯ ಪ್ಯಾಲಟಿನೇಟ್ ಪ್ರಾಂತದಿಂದ ಓಡಿಬಂದ ಬಡ ಒಕ್ಕಲುಗಳು, ಹಳೆಯ ಡಚ್ ಮನೆತನಗಳು, ಐರಿಷರು, ಕೊನೆಯಲ್ಲಿ ೧೭೭೩ರಲ್ಲಿ ಸ್ಕಾಟ್‌ಲೆಂಡಿನ ಬೆಟ್ಟದ ಸೀಮೆಯಿಂದ ಬಂದ ಕ್ಯಾಥೊಲಿಕ್ ಗೇಣಿದಾರರು. ಇವರೆಲ್ಲರ ಮೇಲೆ ನೆರಳು ಚಾಚಿದ್ದವನು ಸರ್ ವಿಲಿಯಂ ಜಾನ್ಸನ್. ಐರ್ಲೆಂಡಿನಲ್ಲಿ ಹುಟ್ಟಿದ ಈತ ಇಲ್ಲಿಗೆ ಬಂದು, ಮೊಹಾಕರ ಭಾಷೆ ಕಲಿತು, ಅವರ ಸಭೆಗಳಲ್ಲಿ ಅವರಂತೆಯೇ ಮಾತನಾಡಿ, ಇಂಗ್ಲೆಂಡಿನ ದೊರೆಗೂ ಆರು ಜನಾಂಗಗಳಿಗೂ ನಡುವಣ ಸೇತುವೆಯಾದವನು. ಮೊಹಾಕ್ ಹೆಣ್ಣುಮಗಳಾದ ಮಾಲಿ ಬ್ರ್ಯಾಂಟ್ ಅವನ ಜೀವನ ಸಂಗಾತಿ. ಅವಳಿಂದ ಅವನಿಗೆ ಎಂಟು ಮಕ್ಕಳು. ಅವಳ ತಮ್ಮನೇ ಮುಂದೆ ಹೆಸರಾದ ಜೋಸೆಫ್ ಬ್ರ್ಯಾಂಟ್. ಮೊಹಾಕ್ ಭಾಷೆಯಲ್ಲಿ ತಾಯೆಂಡನೇಗಿಯ.

೧೭೬೮ರಲ್ಲಿ ಸ್ಟ್ಯಾನ್‌ವಿಕ್ಸ್ ಕೋಟೆಯ ಬಳಿ ಜಾನ್ಸನ್ ಒಂದು ಮಹಾಸಭೆಯನ್ನು ಕರೆದ. ಸುಮಾರು ಮೂರು ಸಾವಿರ ಮೂಲನಿವಾಸಿಗಳು ಬಂದು ಸೇರಿದರು. ವಲಸೆಗಾರರ ನೆಲಕ್ಕೂ ಮೂಲನಿವಾಸಿಗಳ ನೆಲಕ್ಕೂ ನಡುವೆ ಒಂದು ಗೆರೆ ಎಳೆಯಲಾಯಿತು. ಅದರ ಒಂದು ತುದಿ ಈ ಕೋಟೆಯ ಹತ್ತಿರವೇ ಇತ್ತು. ಅಲ್ಲಿಂದ ಅದು ದಕ್ಷಿಣಕ್ಕೂ ಪಶ್ಚಿಮಕ್ಕೂ ಇಳಿದು ಒಹಾಯೊ ನದಿಯನ್ನು ಹಿಡಿದು ಸಾಗಿತ್ತು. ಆ ಗೆರೆ ನಿರ್ದುಷ್ಟವಾಗಿತ್ತೆಂದು ನಾನು ಹೇಳಲಾರೆ. ಒಹಾಯೊದ ದಕ್ಷಿಣದಲ್ಲಿ ಶಾನಿ ಮೊದಲಾದ ಜನಾಂಗಗಳು ಬೇಟೆಯಾಡುತ್ತಿದ್ದ ನೆಲವನ್ನು ಆರು ಜನಾಂಗಗಳು ತಮ್ಮದೆಂದು ಮಾರಿಬಿಟ್ಟಿದ್ದವು. ಆದರೂ ತಮ್ಮ ಮನೆಯ ಮಟ್ಟಿಗೆ ಈ ಗೆರೆ ಕಾಪಾಡುವ ಬೇಲಿಯಾಗುತ್ತದೆ ಎಂದು ಅವರು ನಂಬಿದರು. ದೊರೆಯ ಮಾತು ಇದೆಯಲ್ಲ, ಸಾಕು ಎಂಬುದು ಅವರ ಎಣಿಕೆ.

೧೭೭೪ರ ಜುಲೈಯಲ್ಲಿ ಜಾನ್ಸನ್ ಸತ್ತ. ಮರುವರ್ಷವೇ ವಲಸೆ ರಾಜ್ಯಗಳಿಗೂ ದೊರೆಗೂ ಯುದ್ಧ ಮೊದಲಾಯಿತು. ಆಗ ವಲಸೆಗಾರರ ಕಾಂಗ್ರೆಸ್ಸು ಆರು ಜನಾಂಗಗಳಿಗೆ ಹೇಳಿಕಳುಹಿಸಿದ ಸಂದೇಶ ಗಮನಾರ್ಹವಾದದ್ದು: ಇದು ನಮಗೂ ಹಳೆಯ ಇಂಗ್ಲೆಂಡಿಗೂ ನಡುವಣ ಮನೆಜಗಳ, ನಿಮಗೆ ಇದರಲ್ಲಿ ಸಂಬಂಧವಿಲ್ಲ, ನೀವು ಸುಮ್ಮನಿರಿ ಎಂಬುದು ಅದರ ಭಾವ. ಜನಾಂಗಗಳೂ ಸುಮ್ಮನಿರುವುದಕ್ಕೆ ಒಪ್ಪಿದವು. ಆದರೆ ನೆರೆಮನೆಗೆ ಬೆಂಕಿ ಬಿದ್ದಾಗ ತನ್ನ ಮಾಡಿಗೆ ಕಿಡಿ ಹಾರದೆ ಇರುತ್ತದೆಯೇ?

ಮೊದಲು ಒಡೆದದ್ದು ಕಣಿವೆಯ ಬಿಳಿಯರ ಮನೆಗಳು. ಜಾನ್ಸನ್ನನ ಮಗ ಸರ್ ಜಾನ್ ೧೭೭೬ರಲ್ಲಿ ತನ್ನ ಗೇಣಿದಾರರನ್ನು ಕಟ್ಟಿಕೊಂಡು ಕಾಡು ಹಾದು ಕೆನಡಕ್ಕೆ ಓಡಿಹೋಗಿ ರಾಜನಿಷ್ಠರ ಪಡೆಯೊಂದನ್ನು ಕಟ್ಟಿದ. ಹಿಂದೆ ಉಳಿದವರಲ್ಲಿ ಕೆಲವರು ಸ್ವಾತಂತ್ರ್ಯಪಕ್ಷದ ಸಮಿತಿಗಳನ್ನು ಮಾಡಿಕೊಂಡು ನೆರೆಯವರಿಂದ ಪ್ರಮಾಣ ಮಾಡಿಸತೊಡಗಿದರು. ಸ್ವಾತಂತ್ರ್ಯಪಕ್ಷದ ನಾಡದಂಡಿಗೆ ನಾಯಕನಾಗಿದ್ದ ನಿಕೊಲಾಸ್ ಹರ್ಕಿಮರ್ ಜರ್ಮನ್ ವಲಸೆಗಾರರ ಮನೆಯವನು. ಅವನ ಒಡಹುಟ್ಟಿದ ತಮ್ಮ ಯೋಹಾನ್ ಯೋಸ್ಟ್ ದೊರೆಯ ಪಕ್ಷ. ನಾಯಕನ ಮನೆಯೇ ಹೀಗಿದ್ದ ಮೇಲೆ ಉಳಿದ ಮನೆಗಳ ಮಾತೇನು?

ಉದ್ದಮನೆ ಒಡೆದದ್ದು ನಿಧಾನವಾಗಿ. ಜೋಸೆಫ್ ಬ್ರ್ಯಾಂಟ್ ಲಂಡನ್ನಿಗೆ ಹೋಗಿ ದೊರೆಯನ್ನು ಕಂಡು ಬಂದಿದ್ದ. ವಲಸೆಗಾರರಿಗೆ ನಮ್ಮ ನೆಲದ ಮೇಲೆ ಕಣ್ಣಿದೆ, ಅವರನ್ನು ತಡೆಯಬಲ್ಲವನು ದೊರೆ ಮಾತ್ರ ಎಂಬುದು ಅವನ ತರ್ಕ. ಆ ತರ್ಕ ಸುಳ್ಳಾಗಿರಲಿಲ್ಲ. ಒನೈಡರ ಲೆಕ್ಕಾಚಾರ ಬೇರೆ. ಅವರ ಊರುಗಳು ಕೋಟೆಯ ಸಮೀಪದಲ್ಲಿದ್ದವು. ಕಣಿವೆಯ ಜರ್ಮನ್ ಒಕ್ಕಲುಗಳೊಡನೆ ಅವರಿಗೆ ಕೊಡುಕೊಳ್ಳುವಿಕೆಯಿತ್ತು. ಹತ್ತು ವರ್ಷಗಳಿಂದ ಅವರ ನಡುವೆ ಬಾಳುತ್ತಿದ್ದ ಸ್ಯಾಮ್ಯುಯೆಲ್ ಕರ್ಕ್‌ಲ್ಯಾಂಡ್ ಎಂಬ ಪಾದ್ರಿ ಸ್ವಾತಂತ್ರ್ಯಪಕ್ಷದವನು. ನಾಳೆ ನಮ್ಮ ಬೇಲಿಯ ಆಚೆ ಇರುವವರು ಈ ನೆರೆಯವರೇ, ಇವರೊಡನೆ ಹೊಂದಿ ಬಾಳಿದರೆ ನೆಲ ಉಳಿದೀತು ಎಂದು ಅವರು ಎಣಿಸಿದರು. ಆ ತರ್ಕವೂ ಅವಿವೇಕದ್ದಲ್ಲ. ಎರಡು ದಾರಿಗಳೂ ಎದುರುಬದುರಾಗಿದ್ದರೂ ಗುರಿ ಒಂದೇ: ನೆಲವನ್ನು ಉಳಿಸಿಕೊಳ್ಳುವುದು.

೧೭೭೭ರ ಜನವರಿಯಲ್ಲಿ ಒನೈಡರ ದೂತರು ಕೋಟೆಗೆ ಒಂದು ಸುದ್ದಿ ತಂದರು. ಒನೊಂಡಾಗದಲ್ಲಿ ರೋಗ ಬಿದ್ದು ಸುಮಾರು ತೊಂಬತ್ತು ಜನ ಸತ್ತಿದ್ದಾರೆ, ಅವರಲ್ಲಿ ಮೂವರು ಮುಖ್ಯಸ್ಥರು. ಒಕ್ಕೂಟದ ಸಭೆಯ ಬೆಂಕಿ ಆರಿದೆ. ಬೆಂಕಿ ಆರಿತೆಂದರೆ ಆರು ಜನಾಂಗಗಳು ಒಂದೆಡೆ ಕುಳಿತು ಒಂದು ಮನಸ್ಸಿಗೆ ಬರುವ ಸ್ಥಳ ಇಲ್ಲವಾಯಿತೆಂದು ಅರ್ಥ. ಇನ್ನು ಮೇಲೆ ಪ್ರತಿ ಜನಾಂಗವೂ, ಪ್ರತಿ ಊರೂ, ಕಡೆಗೆ ಪ್ರತಿ ಮನೆಯೂ ತನ್ನ ತೀರ್ಮಾನವನ್ನು ತಾನೇ ಮಾಡಿಕೊಳ್ಳಬೇಕು.

ಆ ಬೇಸಗೆಯಲ್ಲಿ ಬ್ರಿಟಿಷರು ನ್ಯೂಯಾರ್ಕ್ ಸಂಸ್ಥಾನವನ್ನು ಸೀಳಿಹಾಕುವ ಯೋಜನೆ ಹೂಡಿದರು. ಸೇನಾಪತಿ ಬರ್ಗಾಯ್ನ್ ಉತ್ತರದಿಂದ ಆಲ್ಬನಿಯ ಕಡೆಗೆ ಇಳಿಯಬೇಕು; ಬ್ಯಾರಿ ಸೇಂಟ್ ಲೆಜರ್ ಪಶ್ಚಿಮದಿಂದ ಮೊಹಾಕ್ ಕಣಿವೆಯ ಮೂಲಕ ಬಂದು ಅವನನ್ನು ಸೇರಬೇಕು. ಸೇಂಟ್ ಲೆಜರನ ದಾರಿಗೆ ಅಡ್ಡವಾಗಿದ್ದುದು ನಮ್ಮ ಕೋಟೆ. ಸ್ವಾತಂತ್ರ್ಯಪಕ್ಷದವರು ಅದನ್ನು ದುರಸ್ತಿ ಮಾಡಿ ಸ್ಕೈಲರ್ ಕೋಟೆಯೆಂದು ಹೊಸ ಹೆಸರಿಟ್ಟಿದ್ದರು. ಒಳಗೆ ಸುಮಾರು ಏಳುನೂರೈವತ್ತು ಸೈನಿಕರು. ಅವರ ನಾಯಕ ಪೀಟರ್ ಗ್ಯಾನ್ಸ್‌ವೋರ್ಟ್, ೨೮ ವರ್ಷದ ತರುಣ. ಹೊರಗೆ ಬಂದು ಮುತ್ತಿದವರು ಬ್ರಿಟಿಷರು, ಜರ್ಮನ್ ಕೂಲಿಸೈನಿಕರು, ಸರ್ ಜಾನನ ರಾಜನಿಷ್ಠರು, ಮತ್ತು ಎಂಟುನೂರಕ್ಕೂ ಹೆಚ್ಚಿನ ಮೂಲನಿವಾಸಿ ಯೋಧರು. ಒಟ್ಟು ಸಾವಿರದ ಏಳುನೂರರ ಆಸುಪಾಸು. ಆಗಸ್ಟ್ ಮೊದಲ ವಾರದಲ್ಲಿ ಮುತ್ತಿಗೆ ಆರಂಭವಾಯಿತು. ಕೋಟೆಯವರ ಬಳಿ ಬಾವುಟವೂ ಇರಲಿಲ್ಲವಂತೆ. ಅಂಗಿಗಳನ್ನು ಹರಿದು ಬಿಳಿಯ ಪಟ್ಟಿ, ಒಂದು ಮೇಲಂಗಿಯನ್ನು ಕತ್ತರಿಸಿ ನೀಲಿ, ಅವರಿವರಿಂದ ಬೇಡಿದ ತುಂಡುಬಟ್ಟೆಗಳಿಂದ ಕೆಂಪು, ಹೀಗೆ ಹೊಲಿದು ಏರಿಸಿದರು.

ಕೋಟೆಯ ನೆರವಿಗೆ ಹರ್ಕಿಮರ್ ಎಂಟುನೂರು ಜನರ ನಾಡದಂಡಿನೊಡನೆ ಹೊರಟ. ಸುಮಾರು ಅರವತ್ತು ಮಂದಿ ಒನೈಡರು ಅವನ ಜೊತೆ ಸೇರಿದರು. ಅವನು ಹೊರಟ ಸುದ್ದಿಯನ್ನು ಮುತ್ತಿಗೆಯ ಪಾಳೆಯಕ್ಕೆ ಮುಟ್ಟಿಸಿದವಳು ಮಾಲಿ ಬ್ರ್ಯಾಂಟ್. ದಾರಿಯಲ್ಲಿ ಸ್ವಲ್ಪ ತಡೆದು ಕೋಟೆಯಿಂದ ಸಂಕೇತ ಬಂದ ಮೇಲೆ ಮುಂದುವರಿಯೋಣವೆಂದು ಹರ್ಕಿಮರ್ ಹೇಳಿದಾಗ ಅವನ ಕೈಕೆಳಗಿನ ಅಧಿಕಾರಿಗಳೇ ಅವನನ್ನು ಹೇಡಿಯೆಂದರು. ತಮ್ಮ ಶತ್ರುಪಾಳೆಯದಲ್ಲಿದ್ದಾನೆಂದು ಚುಚ್ಚಿ ಮಾತನಾಡಿದರು. ನೊಂದ ಮುದುಕ ಮುಂದೆ ನಡೆಯಿರೆಂದು ಆಜ್ಞೆ ಕೊಟ್ಟ. ಆಗಸ್ಟ್ ೬ರ ಬೆಳಿಗ್ಗೆ, ಕೋಟೆಗೆ ಆರು ಮೈಲಿ ಇರುವಾಗ, ಒರಿಸ್ಕನಿ ಎಂಬಲ್ಲಿ ದಾರಿ ಒಂದು ಕೊರಕಲಿಗೆ ಇಳಿಯುತ್ತದೆ. ಎರಡೂ ದಡಗಳ ಕಾಡಿನಲ್ಲಿ ರಾಜನಿಷ್ಠರೂ ಮೊಹಾಕರೂ ಸೆನೆಕರೂ ಹೊಂಚಿದ್ದರು.

ಆ ದಿನ ನಡೆದದ್ದನ್ನು ಯುದ್ಧವೆನ್ನುವುದಕ್ಕಿಂತ ಕಾಳಗವೆನ್ನಬೇಕು. ಮೊದಲ ಸುತ್ತಿನಲ್ಲೇ ಹರ್ಕಿಮರನ ಕುದುರೆ ಸತ್ತು ಅವನ ಕಾಲಿಗೆ ಗುಂಡು ಬಿತ್ತು. ಅವನು ಜೀನನ್ನು ಮರದ ಬುಡದಲ್ಲಿ ಹಾಕಿಸಿ ಅದರ ಮೇಲೆ ಕುಳಿತು, ಚಿಲುಮೆ ಹಚ್ಚಿಕೊಂಡು, ಅಲ್ಲಿಂದಲೇ ಆಜ್ಞೆಗಳನ್ನು ಕೊಟ್ಟ. ನಡುವೆ ಗುಡುಗುಮಳೆ ಸುರಿದು ಮದ್ದು ತೊಯ್ದು ಒಂದು ಗಂಟೆಯ ಹೊತ್ತು ಕಾಳಗವೇ ನಿಂತಿತು. ಮಳೆ ಬಿಟ್ಟ ಮೇಲೆ ಮತ್ತೆ ಮೊದಲಾಯಿತು. ರಾಜನಿಷ್ಠರ ಒಂದು ತುಕಡಿ ತಮ್ಮ ಕೋಟುಗಳನ್ನು ಒಳಮೈ ಹೊರಗಾಗಿ ತೊಟ್ಟು, ಕೋಟೆಯಿಂದ ಬಂದ ನೆರವಿನಂತೆ ನಟಿಸಿ ಹತ್ತಿರ ಬಂತೆಂದೂ, ಮುಖ ಕಂಡಾಗ ನೆರೆಯವರು ನೆರೆಯವರನ್ನು ಗುರುತಿಸಿದರೆಂದೂ ಹೇಳಿಕೆಯಿದೆ. ಗುರುತು ಸಿಕ್ಕಿತೆಂದು ಕೈ ತಡೆಯಲಿಲ್ಲ; ಗುರುತು ಸಿಕ್ಕಿದ್ದಕ್ಕಾಗಿಯೇ ಕೋಪ ಹೆಚ್ಚಿತು. ಒನೈಡರ ಪಕ್ಷದಲ್ಲಿ ಹ್ಯಾನ್ ಯೆರಿ ಎಂಬ ಮುಖ್ಯಸ್ಥ ಮಣಿಕಟ್ಟಿಗೆ ಗುಂಡು ತಾಗಿದ ಮೇಲೂ ಹೋರಾಡಿದ. ಅವನ ಹೆಂಡತಿ ಪಕ್ಕದಲ್ಲಿ ನಿಂತು ಬಂದೂಕಿಗೆ ಮದ್ದು ತುಂಬಿಕೊಟ್ಟಳು. ಎದುರಿನ ಮರದ ಹಿಂದೆ ಇದ್ದವರಲ್ಲಿ ಅವರದೇ ಕುಲದ ಅಣ್ಣತಮ್ಮಂದಿರು ಇರಲಿಲ್ಲವೆಂದು ಯಾರು ಹೇಳಬಲ್ಲರು?

ನಾಡದಂಡಿನವರಲ್ಲಿ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಹರ್ಕಿಮರ್ ಕೆಲವು ದಿನಗಳಲ್ಲಿ ಕಾಲು ಕತ್ತರಿಸಿದ ಮೇಲೆ ತನ್ನ ಮನೆಯಲ್ಲಿ ತೀರಿಕೊಂಡ. ಇದು ಒಂದು ಕಡೆಯ ಲೆಕ್ಕ. ಇನ್ನೊಂದು ಕಡೆಯದನ್ನು ತಿಳಿಸಿದವಳು ಮೇರಿ ಜೆಮಿಸನ್. ಬಾಲ್ಯದಲ್ಲಿ ಸೆರೆಸಿಕ್ಕಿ ಸೆನೆಕರ ನಡುವೆ ಬೆಳೆದು, ಅವರಲ್ಲೇ ಮದುವೆಯಾಗಿ, ಅವರವಳೇ ಆದ ಬಿಳಿಯ ಹೆಂಗಸು ಈಕೆ. ಅವಳು ಮುಪ್ಪಿನಲ್ಲಿ ಹೇಳಿದ ಜೀವನಕಥೆ ೧೮೨೪ರಲ್ಲಿ ಅಚ್ಚಾಯಿತು. ಬ್ರಿಟಿಷರು ಸೆನೆಕರನ್ನು ಕರೆದದ್ದು ಚಿಲುಮೆ ಸೇದುತ್ತ ಕುಳಿತು ನೋಡಿರೆಂದು. ಆದರೆ ನಮ್ಮವರು ಜೀವಕ್ಕಾಗಿ ಕಾದಬೇಕಾಯಿತು, ನಮ್ಮಲ್ಲೇ ಮೂವತ್ತಾರು ಮಂದಿ ಸತ್ತರು, ಊರೆಲ್ಲ ಗೋಳಾಯಿತು ಎಂದು ಅವಳು ನೆನೆಯುತ್ತಾಳೆ. ಗೆದ್ದವರು ಯಾರೆಂಬ ಪ್ರಶ್ನೆ ಆ ಊರಿನಲ್ಲಿ ಏಳಲಿಲ್ಲ.

ಕಾಳಗ ನಡೆಯುತ್ತಿದ್ದಾಗಲೇ ಕೋಟೆಯೊಳಗಿಂದ ಮರೈನಸ್ ವಿಲೆಟ್ ೨೫೦ ಜನರೊಡನೆ ಹೊರಬಿದ್ದು, ಕಾವಲು ಕಡಿಮೆಯಾಗಿದ್ದ ಪಾಳೆಯಗಳನ್ನು ಸೂರೆಮಾಡಿದ. ಕಂಬಳಿ, ಹಂಡೆ, ಬಟ್ಟೆ ಎಲ್ಲವನ್ನೂ ಗಾಡಿಗಟ್ಟಲೆ ಹೊತ್ತುತಂದ. ಕಾಳಗದಿಂದ ಮರಳಿದ ಮೂಲನಿವಾಸಿ ಯೋಧರಿಗೆ ಹೊದೆಯಲು ಹೊದಿಕೆಯೂ ಇಲ್ಲ. ಅವರ ಮನಸ್ಸು ಮುರಿಯಿತು. ಆಮೇಲೆ ಬೆನಡಿಕ್ಟ್ ಅರ್ನಾಲ್ಡ್ ನೆರವಿನ ಸೈನ್ಯದೊಡನೆ ಬರುತ್ತ ಒಂದು ತಂತ್ರ ಹೂಡಿದ. ಸೆರೆಸಿಕ್ಕು ಮರಣದಂಡನೆಗೆ ಗುರಿಯಾಗಿದ್ದ ಹ್ಯಾನ್ ಯಾಸ್ಟ್ ಸ್ಕೈಲರ್ ಎಂಬ ರಾಜನಿಷ್ಠನ ಸೋದರನನ್ನು ಒತ್ತೆಯಾಗಿ ಇಟ್ಟುಕೊಂಡು, ಅವನ ಕೋಟಿಗೆ ಗುಂಡಿನ ತೂತುಗಳನ್ನು ಮಾಡಿಸಿ, ಅರ್ನಾಲ್ಡನ ಸೈನ್ಯ ಅಪಾರವಾಗಿದೆಯೆಂಬ ಸುದ್ದಿ ಹೇಳಲು ಮುತ್ತಿಗೆಯ ಪಾಳೆಯಕ್ಕೆ ಅಟ್ಟಿದ. ಸೈನಿಕರೆಷ್ಟು ಎಂದು ಕೇಳಿದರೆ ಆತ ಮರದ ಎಲೆಗಳ ಕಡೆ ಕೈತೋರಿಸಿದನಂತೆ. ಆಗಸ್ಟ್ ೨೨ರಂದು ಮುತ್ತಿಗೆ ಎದ್ದಿತು. ಸೇಂಟ್ ಲೆಜರನ ನೆರವು ಬಾರದ ಬರ್ಗಾಯ್ನ್ ಅಕ್ಟೋಬರ್ ೧೭ರಂದು ಸರಟೋಗದಲ್ಲಿ ಶರಣಾದ. ಅದನ್ನು ಕಂಡು ಫ್ರಾನ್ಸ್ ಅಮೆರಿಕದ ಪಕ್ಷಕ್ಕೆ ಬಂತು. ಯುದ್ಧದ ಗತಿಯೇ ಬದಲಾಯಿತು. ಪಠ್ಯಪುಸ್ತಕಗಳು ಈ ಕೋಟೆಯ ಕಥೆಯನ್ನು ಇಲ್ಲಿಗೆ ಮುಗಿಸುತ್ತವೆ.

ಕಣಿವೆಯ ಜನರಿಗೆ ಕಥೆ ಆಗ ತಾನೇ ಮೊದಲಾಗಿತ್ತು. ಒರಿಸ್ಕನಿಯ ಸಿಟ್ಟಿಗೆ ಬ್ರ್ಯಾಂಟನ ಕಡೆಯವರು ಹತ್ತಿರದ ಒನೈಡರ ಹಳ್ಳಿಯನ್ನು ಸುಟ್ಟರು. ಅದಕ್ಕೆ ಪ್ರತಿಯಾಗಿ ಒನೈಡರು ಮೊಹಾಕರ ಊರಿಗೆ ನುಗ್ಗಿ ಮಾಲಿ ಬ್ರ್ಯಾಂಟಳ ಮನೆಯನ್ನು ಸೂರೆಮಾಡಿದರು. ಅವಳು ಮಕ್ಕಳೊಡನೆ ಉಟ್ಟ ಬಟ್ಟೆಯಲ್ಲಿ ಓಡಿಹೋದಳು. ಪೂರ್ವದ ಬಾಗಿಲು ಕಾಯುತ್ತಿದ್ದ ಮೊಹಾಕರು ಬಾಗಿಲನ್ನೇ ಬಿಟ್ಟು ಹೊರಡಬೇಕಾಯಿತು. ೧೭೭೮ರಲ್ಲಿ ಜರ್ಮನ್ ಒಕ್ಕಲುಗಳ ಊರುಗಳೂ ಚೆರಿ ವ್ಯಾಲಿಯೂ ಬೆಂಕಿಗೆ ಆಹುತಿಯಾದವು. ೧೭೭೯ರಲ್ಲಿ ವಾಷಿಂಗ್ಟನ್ನನ ಆಜ್ಞೆಯಂತೆ ಸೇನಾನಿ ಸಲಿವನ್ ಉದ್ದಮನೆಯ ಒಳಗೇ ನುಗ್ಗಿ ನಲವತ್ತು ಊರುಗಳನ್ನೂ, ಕಟಾವಿಗೆ ಬಂದಿದ್ದ ಜೋಳದ ಹೊಲಗಳನ್ನೂ, ಹಣ್ಣಿನ ತೋಪುಗಳನ್ನೂ ನಾಶಮಾಡಿದ. ಆ ವರ್ಷದ ಚಳಿಗಾಲ ಬಹು ಘೋರವಾಗಿತ್ತು. ಸಾವಿರಾರು ನಿರಾಶ್ರಿತರು ನಯಾಗರ ಕೋಟೆಯ ಸುತ್ತ ಹಿಮದಲ್ಲಿ ಹಸಿವಿನಿಂದ ಬಿದ್ದಿದ್ದರು. ಮರುವರ್ಷ, ೧೭೮೦ರಲ್ಲಿ, ಇತ್ತ ಕಡೆಯ ಒನೈಡರ ಊರುಗಳನ್ನು ಬ್ರ್ಯಾಂಟನವರು ಸುಟ್ಟರು. ಒನೈಡರೂ ನಿರಾಶ್ರಿತರಾಗಿ ಸ್ಕೆನೆಕ್ಟಡಿಯ ಬಳಿ ಗುಡಿಸಲು ಹಾಕಿಕೊಂಡರು. ೧೭೮೧ರಲ್ಲಿ ಪ್ರವಾಹಕ್ಕೂ ಬೆಂಕಿಗೂ ಸಿಕ್ಕಿ ಕೋಟೆಯೂ ಪಾಳುಬಿತ್ತು.

ಸಲಿವನ್ನನ ದಂಡಯಾತ್ರೆಯ ಒಂದು ಪ್ರಸಂಗವನ್ನು ಮೇರಿ ಜೆಮಿಸನ್ ಹೇಳುತ್ತಾಳೆ. ಅಮೆರಿಕದವರ ಜೊತೆ ಬಂದಿದ್ದ ಒನೈಡನೊಬ್ಬ ಸೆನೆಕರ ಕೈಗೆ ಸೆರೆಸಿಕ್ಕಿದ. ಅವನ ಸ್ವಂತ ಸೋದರ ಬ್ರಿಟಿಷರ ಪಕ್ಷದಲ್ಲಿ ಅಲ್ಲೇ ಇದ್ದ. ನೀನು ನನ್ನ ನಾಡಿಗೆ ಬೆಂಕಿಯಿಡಲು ದಾರಿ ತೋರಿಸಿದವನು, ಸಾವಿಗೆ ಅರ್ಹನು ಎಂದು ಆತ ಸೆರೆಯಾಳನ್ನು ಮೂದಲಿಸಿದ. ಆದರೂ ನನ್ನ ಕೈಗೆ ಸೋದರನ ರಕ್ತ ಅಂಟಬಾರದೆಂದು ಹಿಂದೆ ಸರಿದು ನಿಂತ. ಕೊಂದವನು ಇನ್ನೊಬ್ಬ. ಪಂಪಭಾರತವನ್ನೂ ಗದಾಯುದ್ಧವನ್ನೂ ಬಹುಕಾಲ ತರಗತಿಯಲ್ಲಿ ಪಾಠ ಹೇಳಿದವನು ನಾನು. ಈ ಪ್ರಸಂಗವನ್ನು ಓದಿದಾಗ ಅದು ದೂರದ ದೇಶದ್ದೆಂದು ನನಗೆ ಅನ್ನಿಸಲಿಲ್ಲ. ಉದ್ದಮನೆಯ ಮೂಲಸೂತ್ರ ಆ ಸೋದರನಲ್ಲಿ ಪೂರ್ತಿ ಸತ್ತಿರಲಿಲ್ಲ; ಕೊಲ್ಲದಿರುವಷ್ಟು ಉಳಿದಿತ್ತು, ಕಾಪಾಡುವಷ್ಟು ಉಳಿದಿರಲಿಲ್ಲ.

೧೭೮೩ರಲ್ಲಿ ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದವಾಯಿತು. ಅದರಲ್ಲಿ ಮೂಲನಿವಾಸಿಗಳ ಪ್ರಸ್ತಾಪವೇ ಇಲ್ಲ. ದೊರೆ ತನ್ನ ಮಿತ್ರರ ನೆಲವನ್ನು ಅವರನ್ನು ಕೇಳದೆಯೇ ಬಿಟ್ಟುಕೊಟ್ಟ. ಮರುವರ್ಷದ ಅಕ್ಟೋಬರಿನಲ್ಲಿ ಆರು ಜನಾಂಗಗಳನ್ನು ಒಪ್ಪಂದಕ್ಕೆಂದು ಕರೆದದ್ದು ಅದೇ ಸ್ಟ್ಯಾನ್‌ವಿಕ್ಸ್ ಕೋಟೆಯ ಜಾಗಕ್ಕೆ. ಹದಿನಾರು ವರ್ಷಗಳ ಹಿಂದೆ ಅಲ್ಲಿ ಸಭೆಯ ಮರ್ಯಾದೆಗಳೆಲ್ಲ ನಡೆದಿದ್ದವು. ಈ ಸಲ ಗೆದ್ದವರು ಸೋತವರಿಗೆ ಅಪ್ಪಣೆ ಕೊಡುವ ಧಾಟಿ. ಸೆರೆಯಾಳುಗಳು ಮರಳುವ ತನಕ ಆರು ಜನರನ್ನು ಒತ್ತೆಯಾಗಿ ಇಟ್ಟುಕೊಂಡು, ಪಶ್ಚಿಮದ ವಿಶಾಲ ನೆಲವನ್ನು ಬರೆಸಿಕೊಂಡರು. ಒನೈಡರಿಗೂ ಟಸ್ಕರೋರರಿಗೂ ಮಾತ್ರ ನಿಮ್ಮ ನೆಲ ನಿಮಗೆ ಭದ್ರ ಎಂಬ ವಾಗ್ದಾನ ಸಿಕ್ಕಿತು.

ಆ ವಾಗ್ದಾನದ ಗತಿಯನ್ನು ನೋಡಿ. ನಾಲ್ಕೇ ವರ್ಷಗಳಲ್ಲಿ, ೧೭೮೮ರಲ್ಲಿ, ಅದೇ ಕೋಟೆಯ ಬಳಿ ನ್ಯೂಯಾರ್ಕ್ ಸಂಸ್ಥಾನ ಒನೈಡರಿಂದ ಇನ್ನೊಂದು ಒಪ್ಪಂದ ಮಾಡಿಸಿಕೊಂಡಿತು. ಸುಮಾರು ೬೦ ಲಕ್ಷ ಎಕರೆ ಇದ್ದ ಅವರ ನೆಲದಲ್ಲಿ ಉಳಿದದ್ದು ಸುಮಾರು ೩ ಲಕ್ಷ. ಆಮೇಲೆ ತುಂಡುತುಂಡಾಗಿ ಅದೂ ಹೋಯಿತು. ಕೆಲವರು ವಿಸ್ಕಾನ್ಸಿನ್ನಿಗೆ, ಕೆಲವರು ಕೆನಡಕ್ಕೆ ವಲಸೆ ಹೋದರು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ನ್ಯೂಯಾರ್ಕಿನಲ್ಲಿ ಅವರಿಗೆ ಉಳಿದಿದ್ದದ್ದು ೩೨ ಎಕರೆ. ವಾಷಿಂಗ್ಟನ್ನನ ಸೈನ್ಯ ವ್ಯಾಲಿ ಫೋರ್ಜಿನಲ್ಲಿ ಹಸಿದಿದ್ದಾಗ ತಮ್ಮವರು ಜೋಳ ಹೊತ್ತು ಅಲ್ಲಿಗೆ ನಡೆದರೆಂದು ಒನೈಡರ ಪರಂಪರೆ ಇಂದಿಗೂ ಹೇಳುತ್ತದೆ. ಅಣ್ಣನನ್ನು ಬಿಟ್ಟು ಬಂದ ವಿಭೀಷಣನಿಗೆ ಲಂಕೆಯಾದರೂ ದೊರೆಯಿತು. ಉದ್ದಮನೆಯನ್ನು ಬಿಟ್ಟು ಬಂದ ಒನೈಡರಿಗೆ ದೊರೆತದ್ದೇನು? ಅತ್ತ ದೊರೆಯ ಪಕ್ಷ ಹಿಡಿದ ಬ್ರ್ಯಾಂಟನ ಜನ ಕೆನಡದ ಗ್ರ್ಯಾಂಡ್ ನದಿಯ ದಡದಲ್ಲಿ ಹೊಸ ನೆಲ ಪಡೆದರು. ಅದೂ ಮುಂದೆ ಬಹುಭಾಗ ಕೈಬಿಟ್ಟಿತು. ಎದುರುಬದುರಾದ ಎರಡು ತೀರ್ಮಾನಗಳು ಕೊನೆಗೆ ಒಂದೇ ಫಲವನ್ನು ಕೊಟ್ಟವು. ಹಾಗಿದ್ದ ಮೇಲೆ ಅವರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಕೇಳುವುದಕ್ಕಿಂತ, ಅವರ ಮುಂದೆ ನಿಜವಾದ ಆಯ್ಕೆಯೊಂದು ಇತ್ತೇ ಎಂದು ಕೇಳುವುದು ನ್ಯಾಯ.

ಈ ಯುದ್ಧದ ಅಲೆ ನಮ್ಮ ನಾಡನ್ನು ಮುಟ್ಟದೆ ಹೋಗಲಿಲ್ಲ. ಅದೇ ವರ್ಷಗಳಲ್ಲಿ ಹೈದರಾಲಿ ಬ್ರಿಟಿಷರೊಡನೆ ಕಾದುತ್ತಿದ್ದ. ೧೭೮೨ರಲ್ಲಿ ಪೆನ್ಸಿಲ್ವೇನಿಯದವರು ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ತಮ್ಮ ಹಡಗಿಗೆ ಅವನ ಹೆಸರನ್ನೇ ಇಟ್ಟಿದ್ದರು. ೧೭೮೧ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ ೧೭೯೨ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಪಡೆದವನು. ಒತ್ತೆಯಿಟ್ಟು ನೆಲ ಬರೆಸಿಕೊಳ್ಳುವ ರಾಜಕಾರಣ ಸ್ವತಂತ್ರರಾದವರಲ್ಲಿಯೂ ಸಾಮ್ರಾಜ್ಯದವರಲ್ಲಿಯೂ ಒಂದೇ ಬಗೆಯದಾಗಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕೋಟೆಯೊಡನೆ ಇನ್ನೊಂದು ನಂಟಿದೆ. ಕೋಟೆಯನ್ನು ಕಾಯ್ದ ಪೀಟರ್ ಗ್ಯಾನ್ಸ್‌ವೋರ್ಟ್ ಕಾದಂಬರಿಕಾರ ಹರ್ಮನ್ ಮೆಲ್ವಿಲ್‌ನ ತಾಯಿಯ ತಂದೆ. ಮೆಲ್ವಿಲ್‌ನ ‘ಮೊಬಿ ಡಿಕ್’ ಅಚ್ಚಾದ ೧೮೫೧ರಲ್ಲೇ ಅವನಿಗೆ ಎರಡನೆಯ ಮಗ ಹುಟ್ಟಿದ. ಮಗುವಿಗೆ ಇಟ್ಟ ಹೆಸರು ಸ್ಟ್ಯಾನ್‌ವಿಕ್ಸ್. ಆದರೆ ಆ ಕಾದಂಬರಿಯ ಹಡಗಿಗೆ ಅವನು ಆರಿಸಿದ ಹೆಸರು ಪೀಕ್ವಾಡ್. ಅದು ಹದಿನೇಳನೆಯ ಶತಮಾನದಲ್ಲಿ ವಲಸೆಗಾರರು ಬಹುಮಟ್ಟಿಗೆ ಸಂಹರಿಸಿದ ಒಂದು ಮೂಲನಿವಾಸಿ ಜನಾಂಗದ ಹೆಸರು. ಮಗನಿಗೆ ಅಜ್ಜನ ಗೆಲುವಿನ ಹೆಸರು, ಮುಳುಗುವ ಹಡಗಿಗೆ ಅಳಿಸಿಹೋದವರ ಹೆಸರು. ಕವಿಯ ಮನಸ್ಸು ಮನೆತನದ ಹೆಮ್ಮೆಯನ್ನೂ ನಾಡಿನ ಪಾಪವನ್ನೂ ಒಟ್ಟಿಗೆ ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಕೋಟೆ ಈಗ ಮತ್ತೆ ಎದ್ದು ನಿಂತಿದೆ. ೧೯೭೦ರ ದಶಕದಲ್ಲಿ ರೋಮ್ ಪಟ್ಟಣದ ನಡುಭಾಗದ ಕಟ್ಟಡಗಳನ್ನು ಕೆಡವಿ, ಭೂಶೋಧನೆ ನಡೆಸಿ, ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಹೊತ್ತಿಗೆ ಹಳೆಯ ರೂಪದಲ್ಲೇ ಅದನ್ನು ಕಟ್ಟಿದರು. ನೆಲದ ಮೊಕದ್ದಮೆಯೂ ಬಹುಕಾಲ ನಡೆಯಿತು. ೧೯೮೫ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ೧೭೯೫ರಲ್ಲಿ ನ್ಯೂಯಾರ್ಕ್ ಒನೈಡರಿಂದ ಕೊಂಡ ನೆಲದ ವ್ಯವಹಾರ ಕಾನೂನಿಗೆ ವಿರುದ್ಧವಾಗಿತ್ತೆಂದು ಎತ್ತಿಹಿಡಿಯಿತು; ೨೦೦೫ರಲ್ಲಿ ಅದೇ ನ್ಯಾಯಾಲಯ, ಒನೈಡರು ಮರಳಿ ಕೊಂಡ ನೆಲದ ಮೇಲೆ ಹಳೆಯ ಒಡೆತನದ ಅಧಿಕಾರವನ್ನು ಈಗ ಕೇಳುವುದಕ್ಕೆ ತುಂಬ ತಡವಾಯಿತೆಂದಿತು. ಅನ್ಯಾಯವಾದದ್ದು ನಿಜ, ಆದರೆ ಕಾಲ ಮೀರಿತು! ಇತಿಹಾಸ ಸೋತವರಿಗೆ ಬಹುಮಟ್ಟಿಗೆ ಹೇಳುವ ಮಾತು ಇದೇ.

ಉದ್ದಮನೆಯ ಜನರಲ್ಲಿ ಒಂದು ಶೋಕವಿಧಿ ಇದೆ. ಹಿರಿಯರೊಬ್ಬರು ಸತ್ತಾಗ, ಸಭೆ ಕೂಡುವ ಮೊದಲು, ನೊಂದವರ ಬಳಿಗೆ ಇತರರು ಚಿಪ್ಪಿನ ಮಣಿಗಳ ಸರಗಳನ್ನು ಹಿಡಿದು ಬರುತ್ತಾರೆ. ಮೊದಲ ಸರದಿಂದ ಕಣ್ಣೀರನ್ನು ಒರಸುತ್ತಾರೆ. ಎರಡನೆಯದರಿಂದ ದುಃಖಕ್ಕೆ ಮುಚ್ಚಿಹೋದ ಕಿವಿಯನ್ನು ತೆರೆಯುತ್ತಾರೆ. ಮೂರನೆಯದರಿಂದ ಕಟ್ಟಿದ ಗಂಟಲನ್ನು ಬಿಡಿಸುತ್ತಾರೆ. ಅದಾದ ಮೇಲೆಯೇ ಮಾತು. ನಮ್ಮ ಮಹಾಭಾರತವೂ ಗೆಲುವಿನಲ್ಲಿ ಮುಗಿಯುವುದಿಲ್ಲ. ಗೆದ್ದವರೂ ಅಳಿದುಳಿದವರೂ ಕೂಡಿ ಗಂಗೆಯಲ್ಲಿ ತರ್ಪಣ ಬಿಡುವಾಗಲೇ ಕುಂತಿ ಬಾಯಿಬಿಟ್ಟು, ಕರ್ಣ ನಿಮ್ಮ ಅಣ್ಣ, ಅವನಿಗೂ ನೀರು ಬಿಡಿ ಎನ್ನುವುದು. ಅಲ್ಲಿಯವರೆಗೆ ಧರ್ಮರಾಜ ಗೆದ್ದ ರಾಜ ಮಾತ್ರ. ಅಲ್ಲಿಂದ ಮುಂದೆ ಅವನು ತಾನು ಯಾರನ್ನು ಕೊಲ್ಲಿಸಿದೆನೆಂದು ಬಲ್ಲವನು.

ಒನೊಂಡಾಗದಲ್ಲಿ ಸಭೆಯ ಬೆಂಕಿ ಮತ್ತೆ ಹೊತ್ತಿತು. ಗ್ರ್ಯಾಂಡ್ ನದಿಯ ದಡದಲ್ಲಿಯೂ ಇನ್ನೊಂದು ಬೆಂಕಿ ಹೊತ್ತಿತು. ಒಂದು ಮನೆಗೆ ಈಗ ಎರಡು ಒಲೆ, ನಡುವೆ ಎರಡು ದೇಶಗಳ ಗಡಿ. ಸ್ವಾತಂತ್ರ್ಯದ ಹಬ್ಬಗಳನ್ನು ಆಚರಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ. ಆ ಹಬ್ಬದ ದಿನ ಯಾರ ಹೆಸರಿಗೆ ಇನ್ನೂ ನೀರು ಬಿಟ್ಟಿಲ್ಲವೆಂದು ಒಮ್ಮೆ ಎಣಿಸಿ ನೋಡುವುದು ಆ ಹಕ್ಕಿನೊಡನೆ ಬರುವ ಋಣ.